ಮಾವನ ಎಂಜಿನ್, ಮಾವನ ಮೀಸೆ

ಎಂಜಿನ್ನಿಗೆ ಯಾರಾದರೂ ಶೇವಿಂಗ್ ಮಾಡುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಮನೆಯ ಪಡಸಾಲೆಯಲ್ಲೇ.

ಮೂರು ತಿಂಗಳ ಹಿಂದಿನ ಮಾತು. (ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತೀರಾ? ಕಾರಣವಿದೆ, ತಾಳಿ.) ಯಳಂದೂರಿನಲ್ಲಿ ಆಫೀಸ್ ಮುಗಿಸಿ, ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಕೊಳ್ಳೇಗಾಲಕ್ಕೆ ಬಂದು, ಉಸ್ಸಪ್ಪಾ ಅಂತ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ನಮ್ಮ ಮಾವ ಚಾಪೆ ಹಾಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಸೋಪಿನ ಬಟ್ಟಲು. ಕೈಯಲ್ಲಿ ಅವರದೇ ಶೇವಿಂಗ್ ಬ್ರಷ್. ಎದುರಿಗಿದ್ದ ತಗಡಿನ ಡಬ್ಬಕ್ಕೆ ನೊರೆ ಹಚ್ಚುತ್ತಿದ್ದಾರೆ, ಮದುವೆ ಗಂಡಿಗೆ ಹಚ್ಚಿದ ಹಾಗೆ ನಯವಾಗಿ.

"ಏನ್ ಮಾವ ಇದು?"

"ಸುಮ್ಕಿರವ್ವ. ಗುಳ್ಳೆ ಬತ್ತದಾ ನೋಡ್ತಾವ್ನಿ."

ಮಾವ ಐಟಿಐನಲ್ಲಿ ಫಿಟ್ಟರ್ ಟ್ರೇಡಿನ ಮೇಷ್ಟ್ರಾಗಿದ್ದು ರಿಟೈರ್ ಆದವರು. ಹೆಸರು ನಂಜುಂಡಯ್ಯ. ರೂಲ್ಸ್ ಅಂದರೆ ರೂಲ್ಸ್. ಹುಡುಗರು ಉಜ್ಜಿ ತಂದ ಕಬ್ಬಿಣ ಕೂದಲೆಳೆಯಷ್ಟು ಓರೆಯಿದ್ದರೂ ವಾಪಸ್ ಕಳಿಸುತ್ತಿದ್ದರಂತೆ. ನಾನು ಬರೆಯುವ ಈ ಅಂಕಣವನ್ನೂ ಹಾಗೇ ಓದುತ್ತಾರೆ. ಕೊಂಬು ತಪ್ಪಿದರೆ ಪೇಪರಿನ ಮೇಲೆ ಗುರುತು ಹಾಕಿ, ನಾನು ಕಾಫಿ ಕುಡಿಯುವ ಜಾಗದಲ್ಲಿ ಇಟ್ಟು ಹೋಗುತ್ತಾರೆ.

ಇನ್ನು ಅವರ ಮೀಸೆ. ಅದರ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡೂ ಕಡೆ ಮೇಲಕ್ಕೆ ತಿರುವಿದ, ಈಗ ಪೂರ್ತಿ ಬಿಳಿಯಾದ ಮೀಸೆ. ನಮ್ಮತ್ತೆ ಬದುಕಿದ್ದಾಗ ಹೇಳುತ್ತಿದ್ದರು: "ಎಣ್ಣು ನೋಡಕೆ ಬಂದಾಗ ನಾನು ಒಪ್ಕಂಡಿದ್ದು ಮೀಸೆನ. ಮನ್ಸ ಅದ್ರ ಜೊತೇಲಿ ಬಂದ." ಅತ್ತೆ ಹೋಗಿ ಆರು ವರ್ಷವಾಯಿತು. ಮಾವ ಇವತ್ತಿಗೂ ಸ್ನಾನವಾದ ಮೇಲೆ ಆ ಮೀಸೆಗೆ ಒಂದು ತೊಟ್ಟು ಹರಳೆಣ್ಣೆ ಸವರಿಯೇ ತಿಂಡಿಗೆ ಕೂರುವುದು.

ಈಗ ಎಂಜಿನ್ನಿಗೆ ಬರೋಣ. ಪೆಟ್ರೋಲ್ ಬೇಡ, ಡೀಸೆಲ್ ಬೇಡ, ಕರೆಂಟ್ ಬೇಡ. ಕೆಳಗೆ ನಾಲ್ಕು ತೆಂಗಿನ ಚಿಪ್ಪಿನ ಕೆಂಡ ಇದ್ದರೆ ಚಕ್ರ ತಿರುಗಬೇಕು. ಇದು ಮಾವನ ಪ್ಲಾನು. ಮುಚ್ಚಿದ ಡಬ್ಬದೊಳಗೆ ಗಾಳಿ ಇರುತ್ತದೆ. ಬುಡದಲ್ಲಿ ಬಿಸಿ, ಮೇಲುಗಡೆ ಒದ್ದೆ ಬಟ್ಟೆ ಸುತ್ತಿದ ತಂಪು. ಕಾದ ಗಾಳಿ ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ. ಆ ಹಿಗ್ಗು ಕುಗ್ಗಿನಲ್ಲಿ ಪಕ್ಕದ ಪಿಸ್ಟನ್ ಹಿಂದೆ ಮುಂದೆ ಆಡಿ ಚಕ್ರವನ್ನು ತಿರುಗಿಸುತ್ತದೆ. ಡಬ್ಬ ಹನೂರಿನ ಗುಜರಿ ಅಂಗಡಿಯದು. ಪಿಸ್ಟನ್ ಹಳೇ ಸೈಕಲ್ ಪಂಪಿನದು. ಚಕ್ರ ಅತ್ತೆಯ ಹೊಲಿಗೆ ಮಷೀನಿನದು.

ಎಲ್ಲ ಸರಿಯಾಗಿತ್ತು. ಒಂದೇ ಒಂದು ತೊಂದರೆ, ಅದು ತಿರುಗುತ್ತಿರಲಿಲ್ಲ.

ಕೈಯಲ್ಲಿ ತಳ್ಳಿದರೆ ನಾಲ್ಕು ಸುತ್ತು ಸುತ್ತಿ, "ಪುಸ್" ಅಂತ ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. (ನಮ್ಮ ಆಫೀಸಿನಲ್ಲಿ ಫೈಲುಗಳು ಕೂಡ ಹೀಗೆಯೇ.) ಎಲ್ಲೋ ಗಾಳಿ ಸೋರುತ್ತಿದೆ ಅಂತ ಮಾವನಿಗೆ ಖಾತ್ರಿಯಾಗಿತ್ತು. ಎಲ್ಲಿ? ಅದು ಗೊತ್ತಾಗಲಿ ಅಂತಲೇ ಈ ಕ್ಷೌರ. ಪಂಪ್ ಹೊಡೆದು ಒಳಗೆ ಗಾಳಿ ತುಂಬುವುದು, ಹೊರಗೆ ನೊರೆ ಹಚ್ಚುವುದು, ಗುಳ್ಳೆ ಎದ್ದ ಕಡೆ ಹಿಡಿಯುವುದು.

"ಗಾಳಿ ಅನ್ನೋದು ಕಳ್ಳ ಇದ್ದಂಗೆ ಕಣವ್ವ. ಬಾಗ್ಲು ಆಕುದ್ರೆ ಕಿಟಕೀಲಿ ಓಯ್ತದೆ" ಅಂದರು ಮಾವ.

ಕೊಳವೆ ಸೇರುವ ಕಡೆ ಗುಳ್ಳೆ ಬಂತು. ನಲ್ಲಿ ರಿಪೇರಿಯವರು ಸುತ್ತುವ ಬಿಳಿ ಟೇಪ್ ಸುತ್ತಿದರು. ಮುಚ್ಚಳದ ಸುತ್ತ ಬಂತು. ಅದಕ್ಕೆ ನನ್ನ ಆಫೀಸಿನ ಮಾರ್ಟಳ್ಳಿಯ ಗೆಳತಿ ಒಂದು ಉಪಾಯ ಹೇಳಿದಳು. ತಮಿಳುನಾಡಿನ ಗಡಿಯ ಕಡೆಯವಳು, ಅವಳ ಒಂದು ವಾಕ್ಯದಲ್ಲಿ ಎರಡು ರಾಜ್ಯ ಇರುತ್ತವೆ: "ಅಕ್ಕಾ, ಸೈಕಲ್ ಟ್ಯೂಬ್ ಕಟ್ ಮಾಡಿ ಪೋಡುಂಗ, ಒಂದ್ ಚೂರೂ ಗಾಳಿ ಓಗಲ್ಲ." ಹಾಕಿದೆವು, ನಿಂತಿತು. ಒಳಗಿನ ಗಾಳಿಯನ್ನು ಬಿಸಿಯ ಕಡೆಗೂ ತಂಪಿನ ಕಡೆಗೂ ತಳ್ಳಲು ಮುಚ್ಚಳದ ನಡುವೆ ಒಂದು ಕಂಬಿ ಮೇಲೂ ಕೆಳಗೂ ಓಡಾಡುತ್ತದೆ. ಅಲ್ಲಿಯೂ ಗುಳ್ಳೆ.

ಅದಕ್ಕೆ ಮದ್ದು ಕೊಟ್ಟವಳು ನಾನು! ನಾನು ಮಗ್ಗದ ಮನೆಯ ಮಗಳು. ತವರು ಇದೇ ಕೊಳ್ಳೇಗಾಲದಲ್ಲಿ, ಎರಡು ಬೀದಿ ಆಚೆ. ಅಣ್ಣ ಈಗಲೂ ರೇಷ್ಮೆ ಸೀರೆ ನೇಯುತ್ತಾನೆ. ಅವನ ಮಗ್ಗದ ಕೆಳಗೆ ಬಿದ್ದಿದ್ದ ರೇಷ್ಮೆ ನೂಲಿನ ತುಂಡುಗಳನ್ನು ಗುಡಿಸಿ ತಂದೆ. ಹರಳೆಣ್ಣೆಯಲ್ಲಿ ನೆನೆಸಿ ಕಂಬಿಯ ಸುತ್ತ ಬಿಗಿಯಾಗಿ ಸುತ್ತಿದೆ. ಕಂಬಿ ಜಾರುತ್ತದೆ, ಗಾಳಿ ಜಾರುವುದಿಲ್ಲ. ಮಾವ ಎದ್ದು ನಿಂತು, "ಭೇಷ್ ಕಣವ್ವ! ಐಟಿಐ ಓದಿರೋವ್ಗೂ ಇದು ಒಳೀತಿರ್ಲಿಲ್ಲ" ಅಂದರು. ನಾನು ಆ ಮಾತನ್ನು ಆಫೀಸಿನಲ್ಲಿ ಎಷ್ಟು ಜನಕ್ಕೆ ಹೇಳಿದೆ ಅಂತ ನೀವು ಕೇಳದಿರುವುದು ಒಳ್ಳೆಯದು.

ಆದರೂ ತಿರುಗಲಿಲ್ಲ. ಪುಸ್!

ಅಷ್ಟರಲ್ಲಿ ಬಂದರು ಪುಟ್ಟಮಾದಣ್ಣ. ಬಂಡಳ್ಳಿಯವರು, ಬೇಸಾಯಗಾರರು, ಮಾವನ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. (ಓದಿದ್ದು ಮಾವ. ಬೆಂಚು ಕಾದದ್ದು ಪುಟ್ಟಮಾದಣ್ಣ. ಇದು ಅವರೇ ಹೇಳಿದ್ದು.) ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಮುದ್ದೆ ಉಂಡು, ಎಲೆ ಅಡಿಕೆ ಹಾಕಿಕೊಂಡೇ ಹೋಗುವುದು. ಅವರಿಗೂ ಮೀಸೆ ಇದೆ. ಕರೀ ಬಣ್ಣ ಹಚ್ಚಿದ ಮೀಸೆ.

"ಲೇ ನಂಜ, ಇದೇನ್ಲಾ? ಕಾಪಿ ಪಿಲ್ಟ್ರಾ?"

"ಎಂಜಿನ್ನು ಕಣ್ಲಾ. ಬರೀ ಬೆಂಕೀಲಿ ಚಕ್ರ ಸುತ್ತುತದೆ."

"ಬೆಂಕಿ ಇಟ್ರೆ ಸುತ್ತೋದು ನಿನ್ ತಲೆ." ಪುಟ್ಟಮಾದಣ್ಣ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು. ಡಬ್ಬದ ನೆತ್ತಿಯ ಮೇಲೆ ನಾನು ಮುಡಿಸಿದ್ದ ಮಲ್ಲಿಗೆ, ಅದರ ಕೆಳಗೆ ಇಟ್ಟಿದ್ದ ಅರಿಶಿನ ಕುಂಕುಮ ನೋಡಿದರು. "ವಟ್ಟೆಗಿಟ್ಟಿಲ್ದಿದ್ರೂ ಜುಟ್ಗೆ ಮಲ್ಗೆ ಊವ! ಚೆನ್ನಾಗದೆ."

ಆ ಹೂವಿನ ವಿಚಾರ ಒಂದಿಷ್ಟು ಹೇಳಬೇಕು. ಚಕ್ರ ಇರುವ ಯಾವ ವಸ್ತುವೂ ನಮ್ಮಲ್ಲಿ ಹೂವಿಲ್ಲದೆ ಶುರುವಾಗುವುದಿಲ್ಲ. ಸೈಕಲ್ ಆಗಲಿ, ಟ್ರಾಕ್ಟರ್ ಆಗಲಿ, ಮಿಕ್ಸಿಯೇ ಆಗಲಿ. ಮಾವ ಪೂಜೆ ಪುನಸ್ಕಾರದವರಲ್ಲ. "ಅದ್ಕೆಲ್ಲ ಯಾಕವ್ವ ಊವ?" ಅಂದಿದ್ದರು. ನಾನು ಬಿಡುತ್ತೇನೆಯೇ? ಅವರು ಬ್ಯಾಂಕಿಗೆ ಹೋಗಿದ್ದಾಗ ಶುಕ್ರವಾರ ಪೂಜೆ ಮುಗಿಸಿಬಿಟ್ಟಿದ್ದೆ. ಬಂದು ನೋಡಿದವರು ಮೀಸೆಯೊಳಗೇ ನಕ್ಕು ಸುಮ್ಮನಾದರು. ಅಲ್ಲಿಂದ ಪ್ರತಿ ಶುಕ್ರವಾರವೂ ಹೊಸ ಹೂವು. ನೊರೆ ಹಚ್ಚುವಾಗಲೂ ಮಾವ ಆ ಜಾಗ ಮಾತ್ರ ಬಿಟ್ಟು ಹಚ್ಚುತ್ತಿದ್ದರು. "ಸೊಸೆ ಕುಂಕ್ಮ ಇಟ್ಟವಳೆ. ಸೋಪು ತಾಕುಸ್ಬಾರ್ದು."

ಪುಟ್ಟಮಾದಣ್ಣ ಕೂತು ಒಂದು ಸಲಹೆ ಕೊಟ್ಟರು: "ಸಂದಿಗೆಲ್ಲ ರಾಗಿಹಿಟ್ಟು ಕಲಸಿ ಮೆತ್ಲಾ. ಮಡಕೆ ಬಾಯಿಗೆ ಮೆತ್ತುದ್ರೆ ಒಳ್ಗಡೆ ಆವಿ ಅಲ್ಲಾಡಕಿಲ್ಲ." (ಯಾವ ಮಡಕೆ, ಒಳಗೆ ಏನು ಕುದಿಯುತ್ತಿತ್ತು ಅಂತ ನಾನು ಕೇಳಲಿಲ್ಲ. ಹಳೇ ಕಾಲದ ಮಾತು. ಅದಕ್ಕೆ ಸರ್ಕಾರದ ಕಾನೂನೂ ಇದೆ.)

ಮಾವನಿಗೆ ರೇಗಿತು. "ಇದು ಎಂಜಿನ್ನು ಕಣ್ಲಾ, ಮುದ್ದೆ ಪಾತ್ರೆ ಅಲ್ಲ!"

"ಅಂಗಾರೆ ಸುತ್ತುಸು ನೋಡನ."

"ಸುತ್ತುಸ್ತೀನಿ."

"ಯಾವಾಗ್ಲಾ? ನಮ್ ಮೊಮ್ಮಕ್ಕಳ ಕಾಲ್ದಲ್ಲಾ?"

ಮಾತಿಗೆ ಮಾತು ಬೆಳೆಯಿತು. ಪುಟ್ಟಮಾದಣ್ಣನಿಗೆ ಹರಕೆ ಇತ್ತು. ಬರುವ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡುವವರು. ಆ ಅಮಾವಾಸ್ಯೆ ಸೋಮವಾರ. ಹಿಂದಿನ ದಿನ ಭಾನುವಾರ ಬರುತ್ತೇನೆ, ಎಂಜಿನ್ ತಿರುಗಿದರೆ ಮುಡಿ ಜೊತೆಗೆ ನನ್ನ ಮೀಸೆಯೂ ಮಾದಪ್ಪನಿಗೆ, ತಿರುಗದಿದ್ದರೆ ನೀನು ನನ್ನ ಜೊತೆ ಬೆಟ್ಟಕ್ಕೆ ಬಂದು ನಿನ್ನ ಮೀಸೆ ಕೊಡಬೇಕು ಅಂದರು. ಎಷ್ಟು ಹೊತ್ತು ತಿರುಗಬೇಕು? ಅದಕ್ಕೂ ಅಳತೆ ಸಿದ್ಧವಿತ್ತು. "ನಾನು ಒಂದ್ ಎಲಡ್ಕೆ ಆಕಂಡು ಅಗ್ದು ಉಗಿಯೋಗಂಟ."

"ಆಯ್ತು ನಡಿಲಾ" ಅಂದುಬಿಟ್ಟರು ನಮ್ಮ ಮಾವ!

ರೂಲ್ಸ್ ಮನುಷ್ಯ. ಸೋತರೆ ಬೋಳಿಸಿಕೊಂಡೇ ಬರುವವರು. ಯಜಮಾನರಿಗೆ ಫೋನ್ ಮಾಡಿ, "ನೀವಾದರೂ ಹೇಳಿ" ಅಂದೆ. ಅವರು ಹನೂರಿನಲ್ಲಿ ಸ್ಕೂಲ್ ಮೇಷ್ಟ್ರು. "ಅಪ್ಪನ ಮೀಸೆ ವಿಚಾರಕ್ಕೆ ನಾನ್ ಬರಲ್ಲ" ಅಂತ ಫೋನ್ ಇಟ್ಟರು. ಗಂಡಸರು ಇಂಥ ಹೊತ್ತಿಗೆ ಎಷ್ಟು ಬುದ್ಧಿವಂತರಾಗುತ್ತಾರೆ ನೋಡಿ.

ಆ ವಾರ ಮಾವ ಊಟ ಸರಿಯಾಗಿ ಮಾಡಲಿಲ್ಲ. ಬಿಚ್ಚುವುದು, ಜೋಡಿಸುವುದು, ನೊರೆ ಹಚ್ಚುವುದು. ಬೀದಿಯವರು ಇಣುಕಿ, "ಇವತ್ತು ತಿರುಗ್ತದಾ ಸಾ?" ಅಂತ ಕೇಳುವುದು. ಶನಿವಾರ ಕನ್ನಡಿ ಮುಂದೆ ನಿಂತು ಮೇಲ್ತುಟಿಯನ್ನು ಅಂಗೈಯಿಂದ ಮುಚ್ಚಿ ನೋಡಿಕೊಳ್ಳುತ್ತಿದ್ದರು. ಮೀಸೆ ಇಲ್ಲದಿದ್ದರೆ ಹೇಗಿರುತ್ತದೆ ಅಂತ. ನನ್ನನ್ನು ಕಂಡ ಕೂಡಲೇ ಕೈ ಇಳಿಸಿ, ಹಲ್ಲು ನೋವು ಅಂದರು. ನನಗೆ ನಗು ಬರಬೇಕಿತ್ತು, ಅಳು ಬಂತು.

ಭಾನುವಾರ ಬೆಳಿಗ್ಗೆ ಪುಟ್ಟಮಾದಣ್ಣ ಚೀಲ ಹಿಡಿದು ಬಂದೇಬಿಟ್ಟರು. ಬೀದಿಯ ಹತ್ತು ಜನ ಪಡಸಾಲೆ ತುಂಬಿದರು. ಕರೆಂಟ್ ಹೋಗಿತ್ತು, ಫ್ಯಾನ್ ನಿಂತಿತ್ತು, ಸೆಕೆಯೋ ಸೆಕೆ. ಮಾವ ಕೆಂಡ ಮಾಡಿ ಡಬ್ಬದ ಬುಡಕ್ಕೆ ತಳ್ಳಿದರು. ಕಾಯಿತು. ಚಕ್ರ ತಳ್ಳಿದರು. ನಾಲ್ಕು ಸುತ್ತು. ಪುಸ್. ಮತ್ತೆ ತಳ್ಳಿದರು. ಐದು ಸುತ್ತು. ಪುಸ್.

"ನಂಜ, ಬೆಟ್ಟದ ಬಸ್ಗೆ ಟೈಮಾಯ್ತಲಾ" ಅಂದರು ಪುಟ್ಟಮಾದಣ್ಣ. ಎಲೆಗೆ ಸುಣ್ಣ ಕೂಡ ಹಚ್ಚಿರಲಿಲ್ಲ, ಹಾಗೇ ಮಡಚಿ ಇಟ್ಟುಕೊಂಡಿದ್ದರು.

ಮಾವ ಮೂರನೇ ಸಲ ತಳ್ಳಿದರು. ಆಗ ನಾನು ಕಂಡೆ. ಮಲ್ಲಿಗೆ ದಂಡೆಯ ಒಂದೇ ಒಂದು ಎಸಳು ಅದುರುತ್ತಿತ್ತು. ಫ್ಯಾನ್ ಇಲ್ಲ, ಗಾಳಿ ಇಲ್ಲ, ಬಾಗಿಲಲ್ಲಿ ಜನ. ಪಿಸ್ಟನ್ ಆಡಿದಾಗಲೆಲ್ಲ ಆ ಒಂದು ಎಸಳು ಮಾತ್ರ ಫುರ್ ಫುರ್ ಅಂತಿತ್ತು.

ಹೂವಿನ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಯಾಕೆ ಅಂತೀರಾ? ದಂಡೆ ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ ಸ್ವಾಮಿ. ಅದನ್ನು ಸಿಕ್ಕಿಸಲು ಮೊಳೆ ಬೇಕು. ನಮ್ಮ ತವರಿನ ಮಗ್ಗದ ಮೇಲೆ ಹೂವಿಗೇ ಅಂತ ಒಂದು ಮೊಳೆ ಇದೆ, ತಾತನ ಕಾಲದ್ದು. ಆ ಅಭ್ಯಾಸದಲ್ಲಿ ನಾನು, ಮಾವ ಬ್ಯಾಂಕಿಗೆ ಹೋಗಿದ್ದ ಆ ಶುಕ್ರವಾರ, ಎಂಜಿನ್ನಿನ ಮುಚ್ಚಳಕ್ಕೂ ಒಂದು ಪುಟ್ಟ ಫೋಟೋ ಮೊಳೆಯನ್ನು ಕುಟ್ಟಾಣಿಯಿಂದ ಟಕ್ ಟಕ್ ಅಂತ ಹೊಡೆದಿದ್ದೆ! ಮಗ್ಗ ಮರದ್ದು, ಎಂಜಿನ್ ಗಾಳಿಯದ್ದು ಅನ್ನುವ ಜ್ಞಾನ ಬೇಡವೇ? ಮೂರು ವಾರದಿಂದ ಮಾವ ಎಲ್ಲೆಲ್ಲೋ ಹುಡುಕುತ್ತಿದ್ದ ಸೋರಿಕೆ ನನ್ನ ಭಕ್ತಿಯ ಕೆಳಗೇ ಇತ್ತು.

ನಾವೆಲ್ಲ ಹೀಗೆಯೇ ಅಲ್ಲವೇ? ಹೂವು ಇಟ್ಟ ಜಾಗವನ್ನು ಯಾರು ತಡಕಿ ನೋಡುತ್ತಾರೆ? ನಮ್ಮ ಆಫೀಸಿನ ಪ್ರಿಂಟರಿಗೆ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಪೇಪರ್ ಸಿಕ್ಕಿಕೊಂಡರೆ ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತೇವೆ, ಕರೆಂಟ್ ಸರಿಯಿಲ್ಲ ಅನ್ನುತ್ತೇವೆ. ಕುಂಕುಮ ಇಟ್ಟ ಮುಚ್ಚಳ ತೆಗೆದು ನೋಡಿದವರಿಲ್ಲ.

ಆದರೆ ತತ್ವ ಹೇಳುವ ಹೊತ್ತೇ ಅದು? ಹತ್ತು ಜನರ ಮುಂದೆ "ಮಾವ, ಮೊಳೆ ಹೊಡೆದವಳು ನಾನೇ" ಅನ್ನುವ ಧೈರ್ಯ ನನಗೆ ಬರಲಿಲ್ಲ. ಒಪ್ಪಿಕೊಳ್ಳುತ್ತೇನೆ. ಸುಮ್ಮನೆ ಬಿಡಲೂ ಆಗಲಿಲ್ಲ. "ಮಾವ, ಹೂವು ಬಾಡಿದೆ, ಬದಲಾಯಿಸ್ತೀನಿ ತಾಳಿ" ಅಂತ ಅಡುಗೆಮನೆಗೆ ಓಡಿದೆ. ಮಧ್ಯಾಹ್ನದ ಮುದ್ದೆಗೆ ಅಂತ ರಾಗಿಹಿಟ್ಟು ಜರಡಿ ಹಿಡಿದಿಟ್ಟಿದ್ದೆ. ಅದರಲ್ಲಿ ಒಂದು ಚಿಟಿಕೆಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಹೂವಿನ ಮರೆಯಲ್ಲಿ ಹಿಡಿದು ತಂದೆ. ಹಳೇ ಹೂವು ತೆಗೆಯುವ ನೆಪದಲ್ಲಿ ಮೊಳೆಯ ಸುತ್ತ ಮೆತ್ತಿ, ಒತ್ತಿ, ಮೇಲೆ ಹೊಸ ಹೂವು ಇಟ್ಟೆ. ಹಿಟ್ಟಿನ ಒಂದು ಚೂರು ಜಾರಿ ಕೆಂಡಕ್ಕೆ ಬಿತ್ತು. ಚುರ್ ಅಂತು. ಯಾರೂ ನೋಡಲಿಲ್ಲ ಅಂದುಕೊಂಡೆ.

"ಈಗ ತಳ್ಳಿ ಮಾವ."

ಮಾವ ತಳ್ಳಿದರು. ನಾಲ್ಕು ಸುತ್ತು. ಐದು. ಹತ್ತು. ಚಕ್ರ ನಿಲ್ಲಲೇ ಇಲ್ಲ! ಟಕ ಟಕ ಟಕ ಅಂತ ಹೊಲಿಗೆ ಮಷೀನಿನ ಸದ್ದು ಆರು ವರ್ಷದ ಮೇಲೆ ಆ ಪಡಸಾಲೆಯಲ್ಲಿ ಕೇಳಿತು. ಬೀದಿಯವರು "ಓ!" ಅಂದರು. ಮಾವ ಕಣ್ಣು ಒರೆಸಿಕೊಂಡರು. (ಹೊಗೆ ಅಂದರು. ಕೆಂಡದಲ್ಲಿ ಹೊಗೆ ಎಲ್ಲಿಂದ ಬರಬೇಕು?)

"ಉಗಿಯೋಗಂಟ ಕಣ್ಲಾ" ಅಂತ ನೆನಪಿಸಿ ಪುಟ್ಟಮಾದಣ್ಣ ನಿಧಾನವಾಗಿ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಬಾಯಿಗೆ ಹಾಕಿಕೊಂಡರು. ನನಗೆ ಜೀವ ಹೋಯಿತು. ಈ ಮನುಷ್ಯ ಒಂದು ಎಲಡಿಕೆಯನ್ನು ಬಂಡಳ್ಳಿಯಿಂದ ಕೊಳ್ಳೇಗಾಲದವರೆಗೆ ಅಗಿಯುವವರು. ನನ್ನ ರಾಗಿಹಿಟ್ಟು ಎಷ್ಟು ಹೊತ್ತು ತಡೆದೀತು? ಕೆಂಡದ ಝಳಕ್ಕೆ ಅದು ಆಗಲೇ ಒಣಗಿ ಬಿರುಕು ಬಿಡುತ್ತಿತ್ತು. ಚಕ್ರ ಒಂದಿಷ್ಟು ನಿಧಾನವಾಯಿತು. ಹೂವಿನ ಎಸಳು ಮತ್ತೆ ಅದುರಿತು. ಮಾವನ ಮುಖದ ಬಣ್ಣ ಇಳಿಯಿತು. ನಾನು ಮಾದಪ್ಪನಿಗೆ ಏನೇನೋ ಹರಸಿಕೊಂಡೆ.

ಪುಟ್ಟಮಾದಣ್ಣ ಎದ್ದರು. ಬಾಗಿಲಿಗೆ ಹೋಗಿ ಮೋರಿಗೆ ಥೂ ಅಂತ ಉಗಿದರು.

"ನೀನೇ ಗೆದ್ದೆ ಕಣ್ಲಾ ನಂಜ" ಅಂದರು.

ಅವರು ಅಂಗಳ ದಾಟುವ ಹೊತ್ತಿಗೆ ಎಂಜಿನ್ ಪುಸ್ ಅಂತು. ಆದರೆ ಆಗ ಯಾರಿಗೆ ಬೇಕಿತ್ತು? ಮಾವ ಮೀಸೆ ತಿರುವುತ್ತಾ ಬೀದಿಯವರಿಗೆಲ್ಲ ರೇಷ್ಮೆ ನೂಲಿನ ಮಹಿಮೆ ವಿವರಿಸುತ್ತಿದ್ದರು. ಅವರ ಲೆಕ್ಕದಲ್ಲಿ ನೂಲು ಬಿಸಿಗೆ ಉಬ್ಬಿ ಸೋರಿಕೆ ನಿಂತಿತ್ತು. ನನ್ನನ್ನು ಕರೆದು ಎಲ್ಲರ ಮುಂದೆ ಹೊಗಳಿದರು. ನಾನು ತಲೆ ಬಗ್ಗಿಸಿ ನಿಂತೆ. ವಿನಯ ಅಂದುಕೊಂಡರು ಪಾಪ. ಮಾರನೇ ದಿನ ಅವರು ವಾಕಿಂಗ್ ಹೋದಾಗ ಮೊಳೆ ಕಿತ್ತು, ಟ್ಯಾಂಕಿನ ತೂತಿಗೆ ಮೆತ್ತುವ ಎರಡು ಬಣ್ಣದ ಅಂಟು ಕಲಸಿ ತೂತು ಮುಚ್ಚಿ, ಅದರ ಮೇಲೆ ಕುಂಕುಮ ಇಟ್ಟೆ. ಅವತ್ತಿನಿಂದ ಎಂಜಿನ್ ದಿನಾ ತಿರುಗುತ್ತಿದೆ.

ವಾರ ಕಳೆದು ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟಮಾದಣ್ಣ ಸಿಕ್ಕರು. ನೆಂಟರೊಬ್ಬರ ತಾಲ್ಲೂಕು ಆಫೀಸಿನ ಕೆಲಸಕ್ಕೆ ಬಂದಿದ್ದರಂತೆ. ನುಣ್ಣನೆ ತಲೆ, ನುಣ್ಣನೆ ತುಟಿ. ಗುರುತೇ ಹತ್ತಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ.

"ಯಾಕವ್ವ, ತಲೆ ಬಗ್ಗಿಸ್ಕಂಡು? ರಾಗಿಹಿಟ್ಟು ಚೆನ್ನಾಗಿ ಕಲಸಿದ್ದೆ ಬುಡು."

ಅಯ್ಯೋ ದೇವರೇ! "ಅಣ್ಣಾ, ನಿಮಗೆ ಹೇಗೆ..."

"ಕೆಂಡ್ದಲ್ಲಿ ರಾಗಿ ಸುಟ್ಟ ವಾಸ್ನೆ ಬಂದ್ರೆ ಬಂಡಳ್ಳಿಯೋನ್ಗೆ ಗೊತ್ತಾಗಾಕಿಲ್ವಾ? ಊವ್ನ ಕೆಳ್ಗೆ ಬಿರುಕು ಬಿಟ್ಟಿದ್ದೂವೆ ನೋಡ್ದೆ."

"ಮತ್ತೆ ಅಷ್ಟು ಬೇಗ ಯಾಕೆ ಉಗಿದ್ರಿ? ಇನ್ನೊಂದು ನಿಮಿಷ ಅಗಿದಿದ್ರೆ ನೀವೇ ಗೆಲ್ತಿದ್ರಿ."

"ಸುಣ್ಣ ಜಾಸ್ತಿ ಆಗಿ ಬಾಯಿ ಸುಡ್ತಿತ್ತು ಕಣವ್ವ" ಅಂದು ಪುಟ್ಟಮಾದಣ್ಣ ಬಸ್ಸಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಅದು ನಿಮ್ಮತ್ತೆ ಒಪ್ಕಂಡ ಮೀಸೆ. ತಮಾಸೆಗೆ ಪಣ ಕಟ್ದೆ, ಮುಟ್ಟಾಳ ನಾನು. ಅದ್ನ ಬೋಳುಸ್ಕಂಡು ಅವ್ನು ಮನೇಲಿ ಎಂಗವ್ವ ಇರ್ತಿದ್ದ?"

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವರಿಗೆ ಮಾತ್ರ ಬೇರೆ ಚಿಂತೆ. "ಇದ್ನೆಲ್ಲ ಪೇಪರಲ್ಲಿ ಬರ್ದುಬುಟ್ಟೀಯ! ನನ್ ಮೀಸೆ ಬೆಳೆಯೋಗಂಟ ತಡಿ. ಈ ಮೂತೀಲಿ ಊರೋರ್ಗೆ ಉತ್ರ ಏಳಕಾಗಾಕಿಲ್ಲ."

ತಡೆದೆ. ಎರಡು ತಿಂಗಳು ಬಾಯಿ ಬಿಗಿ ಹಿಡಿದೆ. (ಅಂಕಣಕಾರ್ತಿಗೆ ಇದು ಎಂಥ ಶಿಕ್ಷೆ ಗೊತ್ತೇ?) ಹೋದ ವಾರ ಪುಟ್ಟಮಾದಣ್ಣ ಮನೆಗೆ ಬಂದಿದ್ದರು. ಮೀಸೆ ಬೆಳೆದಿದೆ, ಬಣ್ಣವೂ ಬಿದ್ದಿದೆ. ಹೊರಡುವಾಗ ನನ್ನ ಕಡೆ ತಿರುಗಿ ಒಮ್ಮೆ ಅದನ್ನು ತಿರುವಿ, ಹುಬ್ಬು ಹಾರಿಸಿ ಹೋದರು. ಅಪ್ಪಣೆ ಸಿಕ್ಕಿತು, ಬರೆದಿದ್ದೇನೆ.

ಈಗ ಭಯ ಶುರುವಾಗಿದೆ. ಮಾವ ಇದನ್ನು ಓದುತ್ತಾರೆ. ಓದಿ, ಕೂದಲೆಳೆಯಷ್ಟು ಓರೆಯನ್ನೂ ಒಪ್ಪದ ಆ ಮನುಷ್ಯ, ಹಾಗಾದರೆ ಸೋತವನು ನಾನೇ ಅಂತ ತೀರ್ಮಾನ ಮಾಡಿ ಎದ್ದು ಹೊರಡುತ್ತಾರೆ, ನನಗೆ ಗೊತ್ತು. ಅದಕ್ಕೇ ಮನೆಯ ರೇಜರನ್ನು ಅಕ್ಕಿ ಡಬ್ಬದಲ್ಲಿ ಹೂತಿದ್ದೇನೆ. ಸಂಪಾದಕರ ಕೈಕಾಲು ಹಿಡಿದು ಈ ಬರಹ ಮಂಗಳವಾರವೇ ಬರುವಂತೆಯೂ ಮಾಡಿದ್ದೇನೆ. ಮಂಗಳವಾರ ಕೊಳ್ಳೇಗಾಲದ ಕಟಿಂಗ್ ಶಾಪ್‌ಗಳಿಗೆಲ್ಲ ರಜೆ.

ಆದರೆ ಬುಧವಾರ ಬೆಳಿಗ್ಗೆ ಏನು ಮಾಡಲಿ?